ಮೊದಲು ಕಿಟಕಿ ತೆರೆಯಿರಿ, ಕುಂಡ ಆಮೇಲೆ ತನ್ನಿ

ಬೆಂಗಳೂರಿನ ಹೊಸ ತಿಪ್ಪಸಂದ್ರದ ಮುಖ್ಯರಸ್ತೆಯಿಂದ ಯಾವುದಾದರೂ ಕ್ರಾಸಿಗೆ ತಿರುಗಿ, ಕತ್ತೆತ್ತಿ ನೋಡುತ್ತಾ ನಡೆಯಿರಿ. ಕೆಳಗೆ ಅಂಗಡಿ, ಅದರ ಮೇಲೆ ಟ್ಯೂಷನ್ ಸೆಂಟರೋ ದಂತವೈದ್ಯರ ಕ್ಲಿನಿಕ್ಕೋ, ಅದರ ಮೇಲೆ ಹತ್ತಿಪ್ಪತ್ತು ಮಂದಿ ಕೂತು ಕೆಲಸ ಮಾಡುವ ಕಚೇರಿ, ತುತ್ತತುದಿಯಲ್ಲಿ ಓನರ್ ಮನೆ. ಇಷ್ಟೆಲ್ಲ 30×40 ಅಡಿಯ ಒಂದೇ ಸೈಟಿನಲ್ಲಿ. ಸಂಸಾರ ಮಾಡಲೆಂದು ಕಟ್ಟಿಸಿದ ಎಷ್ಟೋ ಮನೆಗಳು ಈಗ ಕಚೇರಿಗಳು. ಮಲಗುವ ಕೋಣೆ ಮೀಟಿಂಗ್ ರೂಮಾಗಿದೆ, ಅಡುಗೆಮನೆಯಲ್ಲಿ ಸರ್ವರ್ ಇದೆ, ದೇವರ ಕೋಣೆಯಲ್ಲಿ ಪ್ರಿಂಟರ್. ಬೀದಿ ಕಡೆಯ ಬಾಲ್ಕನಿಗೆ ಗಾಜು ಜಡಿದು, ಗಾಜಿಗೆ ಕಪ್ಪು ಸನ್‌ಫಿಲ್ಮ್ ಅಂಟಿಸಿ, ಒಳಗೆ ಬೆಳಗಿನಿಂದ ಸಂಜೆಯವರೆಗೆ ಟ್ಯೂಬ್‌ಲೈಟ್ ಉರಿಸುತ್ತಾರೆ.

ಇಂಥ ಕಚೇರಿಯವರಿಗೆ ‘ನಮ್ಮಲ್ಲೂ ಒಂಚೂರು ಹಸಿರು ಬೇಕು’ ಅನ್ನಿಸಿದಾಗ ಸಾಮಾನ್ಯವಾಗಿ ನಡೆಯುವುದು ಇಷ್ಟು: ರಿಸೆಪ್ಷನ್ ಗೋಡೆಗೆ ಪ್ಲಾಸ್ಟಿಕ್ ಹುಲ್ಲು ಅಂಟುತ್ತದೆ, ಅದರ ಮೇಲೆ ಕಂಪನಿಯ ಹೆಸರು ನಿಯಾನ್ ದೀಪದಲ್ಲಿ ಹೊಳೆಯುತ್ತದೆ, ಮೇಜುಗಳ ಮೇಲೆ ಒಂದೊಂದು ಮನಿ ಪ್ಲಾಂಟ್ ಬರುತ್ತದೆ. ಆರು ತಿಂಗಳಿಗೆ ಹುಲ್ಲಿನಲ್ಲಿ ಧೂಳು ಕೂತಿರುತ್ತದೆ, ಗಿಡಗಳಲ್ಲಿ ಅರ್ಧ ಸತ್ತಿರುತ್ತವೆ. ಗಿಡ ಸಾಯಲು ಏನು ಕಾರಣವೋ ಅಲ್ಲಿ ಕೂತವರು ಮಧ್ಯಾಹ್ನ ಮೂರಕ್ಕೆ ಬಾಡಿಹೋಗಲೂ ಬಹುಪಾಲು ಅದೇ ಕಾರಣ. ಬೆಳಕಿಲ್ಲ, ಗಾಳಿಯಾಡುವುದಿಲ್ಲ. ಅದಕ್ಕೇ ಕೆಲಸದ ಜಾಗಕ್ಕೆ ಪ್ರಕೃತಿಯನ್ನು ತರುವ ಯೋಚನೆ ನರ್ಸರಿಯಿಂದ ಶುರುವಾಗಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಅದು ಕಿಟಕಿಯಿಂದ ಶುರುವಾಗಬೇಕು.

ಕಿಟಕಿ ಮುಖ್ಯ ಎನ್ನುವುದಕ್ಕೆ ಅಧ್ಯಯನದ ಬೆಂಬಲವೂ ಇದೆ. 1984ರಲ್ಲಿ ರೋಜರ್ ಉಲ್ರಿಕ್ ಎಂಬ ಅಮೆರಿಕನ್ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 46 ಮಂದಿಯ ದಾಖಲೆಗಳನ್ನು ಅವರು ಪರಿಶೀಲಿಸಿದ್ದರು. ಅರ್ಧ ಮಂದಿಯ ಕಿಟಕಿಗೆ ಮರಗಳು ಕಾಣುತ್ತಿದ್ದವು, ಉಳಿದರ್ಧ ಮಂದಿಗೆ ಇಟ್ಟಿಗೆಯ ಗೋಡೆ. ಮರ ನೋಡಿಕೊಂಡು ಮಲಗಿದ್ದವರು ಬೇಗ ಮನೆಗೆ ಹೋದರು, ಅವರಿಗೆ ಬಲವಾದ ನೋವುನಿವಾರಕಗಳೂ ಕಡಿಮೆ ಬೇಕಾದವು. ಪಕ್ಕದ ಕಟ್ಟಡದ ಗೋಡೆ ಮೂರಡಿ ದೂರದಲ್ಲಿರುವ ನಮ್ಮ ಕ್ರಾಸುಗಳಲ್ಲಿ ಆ ಇಟ್ಟಿಗೆಯ ಗೋಡೆ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಅದೇ ವರ್ಷ ಎಡ್ವರ್ಡ್ ವಿಲ್ಸನ್ ‘ಬಯೋಫಿಲಿಯಾ’ ಪುಸ್ತಕ ಬರೆದರು. ಜೀವಲೋಕದ ಕಡೆಗೆ ಮನುಷ್ಯನಿಗಿರುವ ಸೆಳೆತ ಹುಟ್ಟಿನಿಂದಲೇ ಬಂದದ್ದು ಎಂಬುದು ಅವರ ವಾದ. ಇವತ್ತು ಒಳಾಂಗಣ ವಿನ್ಯಾಸಕರು ‘ಬಯೋಫಿಲಿಕ್ ಡಿಸೈನ್’ ಎಂದು ಕರೆಯುವುದಕ್ಕೆ ಮೂಲ ಅದು.

ಒಂದು ತಪ್ಪು ನಂಬಿಕೆಯನ್ನು ಮಾತ್ರ ಇಲ್ಲೇ ಬಿಡಿಸಿಬಿಡಬೇಕು. ಗಿಡ ಮಾರುವವರು ‘ಇದು ಗಾಳಿ ಶುದ್ಧಮಾಡುವ ಗಿಡ ಸಾರ್, ನಾಸಾದವರೇ ಹೇಳಿದಾರೆ’ ಎನ್ನುತ್ತಾರೆ. ನಾಸಾದ ವುಲ್ವರ್ಟನ್ ಮತ್ತವರ ತಂಡ 1989ರಲ್ಲಿ ಅಂಥ ಪ್ರಯೋಗ ಮಾಡಿದ್ದು ನಿಜ, ಆದರೆ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು ಅಂಥ ಪ್ರಯೋಗಗಳನ್ನೆಲ್ಲ ಮತ್ತೆ ಲೆಕ್ಕಹಾಕಿ ನೋಡಿದರು. ಕಟ್ಟಡವೊಂದರಲ್ಲಿ ಗಾಳಿ ಬಂದುಹೋಗುವುದರಿಂದ ಆಗುವಷ್ಟೇ ಶುದ್ಧಿ ಗಿಡಗಳಿಂದ ಆಗಬೇಕಾದರೆ ಪ್ರತಿ ಚದರ ಮೀಟರ್ ನೆಲಕ್ಕೆ ಕಡಿಮೆ ಎಂದರೆ 10, ಹೆಚ್ಚೆಂದರೆ 1,000 ಗಿಡ ಬೇಕಾಗುತ್ತವೆ ಎಂದು ಕಂಡುಬಂತು. ಅಷ್ಟು ಗಿಡ ಇಟ್ಟರೆ ಮನುಷ್ಯರಿಗೆ ಜಾಗ ಉಳಿಯದು. ಗಿಡವನ್ನು ಕಣ್ಣಿಗೆ, ಮನಸ್ಸಿಗೆ ತನ್ನಿ. ಗಾಳಿಗೆ ಕಿಟಕಿಯೇ ಬೇಕು.

ಬೆಳಕಿನ ಲೆಕ್ಕ

ಮೋಡ ಕವಿದ ದಿನವೂ ಬಯಲಿನಲ್ಲಿ ಸುಮಾರು 10,000 ಲಕ್ಸ್ ಬೆಳಕು ಇರುತ್ತದೆ. ಓದಿ ಬರೆಯುವ ಮೇಜಿಗೆ ಬೇಕಾದದ್ದು 300ರಿಂದ 500 ಲಕ್ಸ್. ಎಂದರೆ ಹೊರಗಿರುವ ಬೆಳಕಿನ ಇಪ್ಪತ್ತರಲ್ಲಿ ಒಂದು ಪಾಲು ಒಳಗೆ ಬಂದರೆ ಸಾಕು, ಹಗಲಿನಲ್ಲಿ ದೀಪ ಬೇಡ. ಆದರೆ ಕಿಟಕಿಯ ಬೆಳಕು ತುಂಬ ಒಳಗೆ ಬರುವುದಿಲ್ಲ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಷ್ಟು ಆಳದವರೆಗೆ ಕೆಲಸಕ್ಕೆ ಬರುವ ಬೆಳಕು ಬೀಳುತ್ತದೆ ಎಂಬುದು ಕಟ್ಟಡದವರು ಬಳಸುವ ಅಂದಾಜು. ಮೇಲಂಚು 7 ಅಡಿಯಲ್ಲಿದ್ದರೆ 14 ಅಡಿ. ನಿಮ್ಮ ಕಟ್ಟಡ 40 ಅಡಿ ಆಳ ಇದ್ದರೆ ಮುಂದಿನಿಂದ 14, ಹಿಂದಿನಿಂದ 14, ನಡುವೆ 12 ಅಡಿ ಕತ್ತಲು. ಹಿಂದಿನ ಕಿಟಕಿ ಇನ್ನೊಬ್ಬರ ಗೋಡೆಗೆ ಮುಖಮಾಡಿದ್ದರೆ ಕತ್ತಲು ಇನ್ನಷ್ಟು ದೊಡ್ಡದು.

ಈ ಲೆಕ್ಕ ತಿಳಿದ ಮೇಲೆ ಮೇಜುಗಳನ್ನು ಎಲ್ಲಿಡಬೇಕೆಂದು ತಾನೇ ಹೊಳೆಯುತ್ತದೆ. ದಿನಕ್ಕೆ ಎಂಟು ಗಂಟೆ ಕೂರುವವರ ಮೇಜು ಕಿಟಕಿಯ ಪಟ್ಟಿಯಲ್ಲಿರಲಿ. ಕಡತದ ಕಪಾಟು, ಪ್ರಿಂಟರ್, ಸರ್ವರ್, ದಿನಕ್ಕೆ ಅರ್ಧ ಗಂಟೆ ಬಳಸುವ ಮೀಟಿಂಗ್ ರೂಮು ಇವು ನಡುವಿನ ಕತ್ತಲಿಗೆ ಹೋಗಲಿ. ನಮ್ಮಲ್ಲಿ ಇದು ಉಲ್ಟಾ ಆಗಿದೆ. ಬೀದಿ ಕಡೆಯ ಬೆಳಕಿನ ಕೋಣೆ ಯಜಮಾನರ ಕ್ಯಾಬಿನ್ ಆಗುತ್ತದೆ, ಅವರು ಅರ್ಧ ದಿನ ಹೊರಗಿರುತ್ತಾರೆ, ಬ್ಲೈಂಡ್ಸ್ ಇಳಿದೇ ಇರುತ್ತದೆ. ಕ್ಯಾಬಿನ್ ಬೇಕೇ ಬೇಕಾದರೆ ಅದರ ಒಳಗೋಡೆಯನ್ನು ಸೂರಿನವರೆಗೆ ಪ್ಲೈವುಡ್ಡಿನಲ್ಲಿ ಮುಚ್ಚಬೇಡಿ. ಎದೆಮಟ್ಟದ ಮೇಲೆ ಗಾಜು ಹಾಕಿಸಿ, ಬೆಳಕು ಹಿಂದಿನವರಿಗೂ ದಾಟಲಿ. ಕಂಪ್ಯೂಟರ್ ಪರದೆ ಕಿಟಕಿಗೆ ಎದುರಾಗಿಯೂ ಇರಬಾರದು, ಬೆನ್ನು ಕೊಟ್ಟೂ ಇರಬಾರದು. ಕಿಟಕಿ ಪಕ್ಕಕ್ಕೆ ಬರುವಂತೆ ಅಡ್ಡಲಾಗಿ ಇಟ್ಟರೆ ಕಣ್ಣು ಚುಚ್ಚದು, ದಣಿದಾಗ ತಲೆ ಹೊರಳಿಸಿದರೆ ಹೊರಗಿನದು ಕಾಣುತ್ತದೆ.

ಪಕ್ಕದ ಗೋಡೆಗೆ ಮುಖಮಾಡಿದ ಕಿಟಕಿಗೂ ಒಂದು ದಾರಿ ಇದೆ. ನೆರೆಯವರನ್ನು ಕೇಳಿಕೊಂಡು ಅವರ ಗೋಡೆಯ ಆ ಭಾಗಕ್ಕೆ ನಿಮ್ಮ ಖರ್ಚಿನಲ್ಲಿ ಬಿಳಿ ಬಣ್ಣ ಬಳಿಸಿ. ಮೇಲಿನಿಂದ ಇಳಿಯುವ ಬೆಳಕು ಬಿಳಿಗೋಡೆಗೆ ಬಿದ್ದು ಒಳಕ್ಕೆ ತಿರುಗುತ್ತದೆ. ಆ ಮೂರಡಿ ಸಂದಿಯಲ್ಲಿ ಹಳೆಯ ಪೈಪು, ಮುರಿದ ಕುರ್ಚಿ ತುಂಬುವ ಬದಲು ನೆರಳನ್ನು ತಾಳುವ ಫರ್ನ್, ಸಿಂಗೋನಿಯಂ ಸಾಲಾಗಿ ಇಟ್ಟರೆ ಕಿಟಕಿಗೆ ಕಾಣಲು ಏನಾದರೂ ಸಿಗುತ್ತದೆ.

ಬಿಸಿಲು ಬೇರೆ ಪ್ರಶ್ನೆ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೆಯ ವಾರ, ವರ್ಷಕ್ಕೆ ಎರಡು ಸಲ ಮಟಮಟ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನಿಂತು ನೆರಳೇ ಬೀಳುವುದಿಲ್ಲ. ಹೀಗಾಗಿ ನಮ್ಮ ಊರಿನಲ್ಲಿ ದಕ್ಷಿಣ ಮತ್ತು ಉತ್ತರದ ಕಿಟಕಿಗಳಿಗೆ ಎರಡಡಿಯ ಸಜ್ಜೆ ಬಹುಮಟ್ಟಿಗೆ ಸಾಕು. ಕಾಡುವುದು ಪಶ್ಚಿಮ. ಮೂರು ಗಂಟೆಯ ಮೇಲೆ ಓರೆಯಾಗಿ ನುಗ್ಗುವ ಬಿಸಿಲನ್ನು ಯಾವ ಸಜ್ಜೆಯೂ ತಡೆಯದು. ಒಳಗೆ ಕರ್ಟನ್ ಹಾಕಿದರೆ ಬೆಳಕು ನಿಲ್ಲುತ್ತದೆ, ಆದರೆ ಶಾಖ ಆಗಲೇ ಗಾಜು ದಾಟಿ ಒಳಗೆ ಬಂದಾಗಿರುತ್ತದೆ. ತಡೆ ಗಾಜಿನ ಹೊರಗಿರಬೇಕು. ನಮ್ಮ ಹಿರಿಯರ ಮನೆಗಳಲ್ಲಿ ಜಗಲಿಗೆ ಇಳಿಬಿಡುತ್ತಿದ್ದ ಬಿದಿರಿನ ಪರದೆ, ‘ಚಿಕ್ಕು’, ಮಾಡುತ್ತಿದ್ದುದು ಇದೇ ಕೆಲಸ. ದಂಡು ಪ್ರದೇಶದ ಹಳೆಯ ಬಂಗಲೆಗಳ ಕಿಟಕಿಗಳ ಮೇಲೆ ಚಾಚಿಕೊಂಡ ಮರದ ಪಟ್ಟಿಯ ‘ಮಂಕಿ ಟಾಪ್’ ಕೂಡ ಇದಕ್ಕೇ ಇದ್ದದ್ದು. ಶಿವಾಜಿನಗರದ ಹತ್ತಿರದ ಬ್ಯಾಂಬೂ ಬಜಾರಿನಲ್ಲಿ ಅಳತೆ ಕೊಟ್ಟು ಚಿಕ್ಕು ಮಾಡಿಸಬಹುದು. ಮಳೆಗಾಲಕ್ಕೆ ಮುಂಚೆ ಬಿಚ್ಚಿ ಒಣಗಿಸಿಟ್ಟರೆ ಬಾಳಿಕೆ ಬರುತ್ತದೆ. ಮೊದಲ ಮಹಡಿಯವರಾದರೆ ತಂತಿ ಕಟ್ಟಿ ಶಂಖಪುಷ್ಪವನ್ನೋ ರಂಗೂನ್ ಮಲ್ಲಿಗೆಯನ್ನೋ ಹಬ್ಬಿಸಬಹುದು. ಅದರ ನೆರಳಿನ ಜೊತೆಗೆ ಜೇನ್ನೊಣ, ಸೂರಕ್ಕಿಯೂ ಬರುತ್ತವೆ.

ಗಾಳಿ ಎಲ್ಲಿಂದ ಬರಬೇಕು

ಗೋಡೆಗೆ ಹಾಕುವ ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಇದ್ದ ಗಾಳಿಯನ್ನೇ ತಣ್ಣಗೆ ಮಾಡಿ ಮತ್ತೆ ಬಿಡುತ್ತದೆ. ಇದು ಗೊತ್ತಿಲ್ಲದವರೇ ಹೆಚ್ಚು. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 420 ಭಾಗ ಇದ್ದರೆ, ಬಾಗಿಲು ಮುಚ್ಚಿ ಎಂಟು ಜನ ಕೂತ ಸಣ್ಣ ಮೀಟಿಂಗ್ ರೂಮಿನಲ್ಲಿ ಅದು ಬೇಗನೆ 1,000 ದಾಟುತ್ತದೆ. ಆಮೇಲೆ ತಲೆ ಭಾರ, ಆಕಳಿಕೆ, ಇನ್ನೊಂದು ಕಾಫಿ. ಈ ಅನಿಲವನ್ನು ಅಳೆಯುವ, ಗೋಡೆಗೆ ತೂಗುಹಾಕುವ ಉಪಕರಣ ಆನ್‌ಲೈನಿನಲ್ಲಿ ಸಿಗುತ್ತದೆ. ಒಮ್ಮೆ ತಂದು ಇಟ್ಟು ನೋಡಿ, ಆಮೇಲೆ ಕಿಟಕಿ ತೆರೆಯಿರಿ ಎಂದು ಯಾರೂ ಹೇಳಬೇಕಾಗಿಲ್ಲ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿಗೆ ವರ್ಷದಲ್ಲಿ ಬಹಳ ತಿಂಗಳು ಎ.ಸಿ. ಬೇಕಿಲ್ಲ. ಮಾರ್ಚ್, ಏಪ್ರಿಲ್, ಮೇ ಬಿಟ್ಟರೆ ಕಿಟಕಿ ಮತ್ತು ಫ್ಯಾನು ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ, ಚಳಿಗಾಲದಲ್ಲಿ ಪೂರ್ವದಿಂದ. ಒಂದೇ ಕಡೆ ಕಿಟಕಿ ತೆರೆದರೆ ಗಾಳಿ ಅಲ್ಲೇ ನಿಲ್ಲುತ್ತದೆ. ಬರುವ ದಾರಿಯಂತೆ ಹೋಗುವ ದಾರಿಯೂ ಬೇಕು.

‘ನಮ್ಮ ಕಿಟಕಿ ಹೊರಗೆ ರಾಜಕಾಲುವೆ ಸ್ವಾಮಿ, ತೆರೆದರೆ ವಾಸನೆ’ ಎನ್ನುವವರು ದೊಮ್ಮಲೂರಿನ ಟೆರಿ ಸಂಸ್ಥೆಯ ಕಚೇರಿಯನ್ನು ನೋಡಬೇಕು. ಹೊಸ ತಿಪ್ಪಸಂದ್ರಕ್ಕೆ ಅದು ದೂರವೇನಲ್ಲ. ವಾಸ್ತುಶಿಲ್ಪಿ ಸಂಜಯ್ ಮೋಹೆ ಅದನ್ನು ವಿನ್ಯಾಸ ಮಾಡುವಾಗ ಎದುರಾದ ತೊಡಕು ಇದೇ. ನಿವೇಶನದ ದಕ್ಷಿಣಕ್ಕೆ ನಾರುವ ಚರಂಡಿ, ತಂಗಾಳಿ ಬರುವುದೂ ಆ ಕಡೆಯಿಂದಲೇ. ಅವರು ದಕ್ಷಿಣದ ಗೋಡೆಯನ್ನು ಮುಚ್ಚಿಬಿಟ್ಟರು. ಮುಚ್ಚಿದ ಗೋಡೆಯ ಹೊರಮೈಗೆ ಕಪ್ಪು ಕಡಪ ಕಲ್ಲು ಹಾಕಿ, ಕಲ್ಲಿಗೂ ಒಳಗೋಡೆಗೂ ನಡುವೆ ಸಂದು ಬಿಟ್ಟರು. ಬಿಸಿಲಿಗೆ ಕಪ್ಪುಕಲ್ಲು ಕಾಯುತ್ತದೆ, ಸಂದಿನ ಗಾಳಿ ಬಿಸಿಯಾಗಿ ಮೇಲೇರಿ ಹೊರಹೋಗುತ್ತದೆ, ಅದು ಖಾಲಿ ಮಾಡಿದ ಜಾಗಕ್ಕೆ ಕಟ್ಟಡದೊಳಗಿನ ಗಾಳಿ ನುಗ್ಗುತ್ತದೆ, ಅದರ ಹಿಂದೆಯೇ ಉತ್ತರದ ತೆರೆದ ಕಡೆಯಿಂದ ಹೊಸ ಗಾಳಿ ಮೇಜುಗಳ ಮೇಲೆ ಹಾದು ಬರುತ್ತದೆ. ಬೀಸುವ ಗಾಳಿಯ ದಿಕ್ಕನ್ನೇ ತಿರುಗಿಸಿದಂತಾಯಿತು, ಮೋಟಾರಿಲ್ಲದೆ. ಮೇಲಿನಿಂದ ಹಗಲ ಬೆಳಕು ಇಳಿಯುವ ಏರ್ಪಾಡಿದೆ, ತಾರಸಿಯ ಮೇಲಿನ ಹಸಿರು ಸೂರಿನ ಬಿಸಿ ತಡೆಯುತ್ತದೆ. ಕಟ್ಟಡದೊಳಗೆ ಪ್ರಕೃತಿ ಬರುವುದೆಂದರೆ ಬಿಸಿಲು ಗಾಳಿಗಳಿಗೆ ಕೆಲಸ ಹಚ್ಚುವುದು ಎಂಬುದಕ್ಕೆ ನಮ್ಮ ಪೂರ್ವ ಬೆಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಬಾಡಿಗೆ ಕಚೇರಿಯಲ್ಲಿ ಕಪ್ಪುಕಲ್ಲಿನ ಗೋಡೆ ಕಟ್ಟಿಸಲಾಗದು, ನಿಜ. ಆದರೆ ಪ್ರತಿ ಕಟ್ಟಡದಲ್ಲೂ ಮೆಟ್ಟಿಲಿನ ಜಾಗ ಇದೆ. ಅದು ನೆಲದಿಂದ ತಾರಸಿಯವರೆಗೆ ನಿಂತ ಚಿಮಣಿಯೇ. ತಾರಸಿಯ ಹೆಡ್‌ರೂಮಿನಲ್ಲಿ ಎತ್ತರಕ್ಕೆ ಒಂದು ಜಾಲಂಧ್ರವನ್ನೋ ಗಾಳಿಗೆ ತಾನೇ ತಿರುಗುವ ವೆಂಟಿಲೇಟರನ್ನೋ ಕೂರಿಸಿ, ಕಚೇರಿಯ ಬಾಗಿಲಿನ ಮೇಲಿನ ಗಾಜು ತೆರೆಯುವಂತೆ ಮಾಡಿಸಿದರೆ ಬಿಸಿಗಾಳಿ ಮೇಲೆ ಹೋಗುತ್ತದೆ. ಓನರನ್ನು ಒಪ್ಪಿಸುವುದೂ ಸುಲಭ, ಏಕೆಂದರೆ ತಂಪಾಗುವುದು ಅವರ ಮೆಟ್ಟಿಲೂ ಹೌದು. ಮುಖ್ಯರಸ್ತೆಯ ಮೇಲೇ ಇರುವವರಿಗೆ ಧೂಳು, ಹಾರ್ನು, ಜೊತೆಗೆ ಎಚ್‌ಎಎಲ್‌ನಿಂದ ಏರುವ ವಿಮಾನಗಳ ಸದ್ದು. ಅಂಥವರು ರಸ್ತೆ ಕಡೆಯ ಗಾಜು ಮುಚ್ಚಿ, ಹಿಂಬದಿಯದನ್ನು ತೆರೆದಿಡಲಿ. ಬೆಳಗ್ಗೆ ಕಸ ಗುಡಿಸುವ ಹೊತ್ತಿಗೆ, ಊಟದ ಹೊತ್ತಿಗೆ ಕಾಲು ಗಂಟೆ ಎರಡೂ ಕಡೆ ತೆರೆದರೂ ವ್ಯತ್ಯಾಸ ಗೊತ್ತಾಗುತ್ತದೆ.

ಈಗ ಗಿಡ

ಗಿಡ ಕೊಳ್ಳುವ ಮುಂಚೆ ಅದನ್ನಿಡುವ ಜಾಗದಲ್ಲಿ ಹನ್ನೊಂದು ಗಂಟೆಗೆ ದೀಪ ಆರಿಸಿ ದಿನಪತ್ರಿಕೆ ಹಿಡಿದು ನಿಲ್ಲಿ. ಆರಾಮಾಗಿ ಓದಲು ಬಂದರೆ ಜೀಜೀ ಪ್ಲಾಂಟ್, ಸ್ನೇಕ್ ಪ್ಲಾಂಟ್, ಆಗ್ಲೋನಿಮಾ, ಮನಿ ಪ್ಲಾಂಟ್ ಬದುಕುತ್ತವೆ. ಕಿಟಕಿಗೆ ನಾಲ್ಕೈದು ಅಡಿಯೊಳಗಾದರೆ ಅರೆಕಾ ಪಾಮ್, ರಬ್ಬರ್ ಗಿಡ, ಪೀಸ್ ಲಿಲ್ಲಿ, ಸ್ಪೈಡರ್ ಪ್ಲಾಂಟ್ ಚೆನ್ನಾಗಿ ಬರುತ್ತವೆ. ಓದಲು ಕಷ್ಟವಾದ ಜಾಗದಲ್ಲಿ ಯಾವ ಗಿಡವೂ ಬಹಳ ದಿನ ಉಳಿಯದು, ಮಾರುವವರು ಏನೇ ಹೇಳಲಿ. ಅಲ್ಲಿ ಹಸಿರು ಬೇಕೇ ಬೇಕೆಂದರೆ ಎರಡು ಜೊತೆ ಗಿಡ ಇಟ್ಟುಕೊಂಡು ವಾರಕ್ಕೊಮ್ಮೆ ಬದಲಿಸಿ: ಒಂದು ಜೊತೆ ಒಳಗೆ, ಇನ್ನೊಂದು ಬಾಲ್ಕನಿಯ ತೆಳು ನೆರಳಿನಲ್ಲಿ. ತುಳಸಿ, ದೊಡ್ಡಪತ್ರೆ, ಮಲ್ಲಿಗೆಗೆ ನೇರ ಬಿಸಿಲು ಬೇಕು. ಅವನ್ನು ಮೇಜಿನ ಮೇಲೆ ತಂದು ಕೊಲ್ಲಬೇಡಿ. ಮಕ್ಕಳು ಓಡಾಡುವ ಕ್ಲಿನಿಕ್ಕು, ಟ್ಯೂಷನ್ ಸೆಂಟರಿನಲ್ಲಿ ಡೈಫೆನ್‌ಬಾಕಿಯಾ ಬೇಡ. ಅದರ ಎಲೆ ಕಡಿದರೆ ಬಾಯಿ ನಾಲಗೆ ಉರಿದು ಊದಿಕೊಳ್ಳುತ್ತವೆ.

ಕುಂಡಕ್ಕೆ ಮಣ್ಣಿನದೇ ಒಳ್ಳೆಯದು. ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನಿನಲ್ಲಿ ಕುಂಬಾರ ಕುಟುಂಬಗಳು ಇಂದಿಗೂ ಚಕ್ರ ತಿರುಗಿಸುತ್ತವೆ. ಅವರು ಮಾಡುವ ಕುಂಡದ ಗೋಡೆಯಲ್ಲಿ ನೀರು ಜಿನುಗಿ ಆರುತ್ತದೆ, ಬೇರಿಗೆ ಉಸಿರಾಡಲು ಅನುಕೂಲ. ಗಿಡಕ್ಕೆ ಲಾಲ್‌ಬಾಗಿನ ಹತ್ತಿರದ ಸಿದ್ದಾಪುರದ ನರ್ಸರಿಗಳವರೆಗೆ ಹೋದರೆ ಆಯ್ಕೆ ಹೆಚ್ಚು. ಕೆಂಪುಮಣ್ಣು, ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಸಮಪಾಲು ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ.

ಕಚೇರಿಯ ಗಿಡಗಳು ನೀರಿಲ್ಲದೆ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಜಾಸ್ತಿ. ಬಂದವರೆಲ್ಲ ತಮ್ಮ ಬಾಟಲಿಯಲ್ಲಿ ಉಳಿದದ್ದನ್ನು ಸುರಿಯುತ್ತಾರೆ. ಒಬ್ಬರಿಗೇ ಜವಾಬ್ದಾರಿ ಕೊಡಿ. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗಿಳಿಸಿ ನೋಡಲಿ. ತಂಪು ತಾಗಿದರೆ ಇವತ್ತು ನೀರು ಬೇಡ, ಒಣಗಿದ್ದರೆ ಕೆಳಗಿನ ತೂತಿನಿಂದ ಹೊರಬರುವಷ್ಟು ಹಾಕಬೇಕು. ಎಲೆಯ ಕಂಕುಳಲ್ಲಿ ಹತ್ತಿಯಂಥ ಬಿಳಿ ಕಂಡರೆ ಅದು ಹಿಟ್ಟು ತಿಗಣೆ. ಸೋಪುನೀರಿಗೆ ಕೆಲವು ಹನಿ ಬೇವಿನೆಣ್ಣೆ ಬೆರೆಸಿ ಒರೆಸಿದರೆ ಹತೋಟಿಗೆ ಬರುತ್ತದೆ.

ಈಗ ಒಂದು ಕುಂಡ ಎತ್ತಿ ಅದರ ಕೆಳಗಿನ ತಟ್ಟೆ ನೋಡಿ. ತಿಳಿನೀರು ನಿಂತಿದ್ದರೆ ಟಾರ್ಚ್ ಹಿಡಿದು ಅರೆಕ್ಷಣ ಕಾಯಿರಿ. ದಾರದ ತುಣುಕಿನಂಥವು ಕೊಂಕಿ ಕೊಂಕಿ ಬೆಳಕಿನಿಂದ ತಳಕ್ಕಿಳಿದರೆ ಅವು ಸೊಳ್ಳೆಮರಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ಸ್ವಚ್ಛ ನೀರೇ ಬೇಕು, ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ ಹತ್ತು ದಿನ ಸಾಕು, ಅದು ಕಚ್ಚುವುದು ಹಗಲಿನಲ್ಲಿ, ಎಂದರೆ ಕಚೇರಿಯ ಹೊತ್ತಿನಲ್ಲಿ. ಪ್ರತಿ ಶುಕ್ರವಾರ ಸಂಜೆ ಎಲ್ಲ ತಟ್ಟೆ ಖಾಲಿ ಮಾಡಿ ಉಜ್ಜಿ ಒರೆಸುವುದನ್ನು ನಿಯಮ ಮಾಡಿ. ಉಜ್ಜುವುದು ಏಕೆಂದರೆ ಈಡಿಸ್‌ನ ಮೊಟ್ಟೆ ತಟ್ಟೆಯ ಅಂಚಿಗೆ ಅಂಟಿ ಒಣಗಿದ್ದರೂ ಬದುಕಿರುತ್ತದೆ. ನೀರಿನ ಬಾಟಲಿಯಲ್ಲಿ ಬೆಳೆಸುವ ಮನಿ ಪ್ಲಾಂಟಿಗೂ ಇದೇ ಮಾತು. ಕಲ್ಲಿನ ಮರಿಗೆಯಲ್ಲಿ ತಾವರೆ ಬೆಳೆಸುವವರು ನಾಲ್ಕು ಗಪ್ಪಿ ಮೀನು ಬಿಟ್ಟರೆ ಅವು ಮರಿಗಳನ್ನು ತಿಂದುಹಾಕುತ್ತವೆ.

ನೀರಿನ ಮೂಲವನ್ನೂ ಯೋಚಿಸಬೇಕು. 2024ರ ಮಾರ್ಚ್‌ನಲ್ಲಿ ಊರಿಗೆ ಊರೇ ಟ್ಯಾಂಕರಿಗೆ ಕಾದು ನಿಂತಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಬಾರದೆಂದು ಆದೇಶಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ನೀರು ಪೂರೈಕೆಯ ಐದನೆಯ ಹಂತ ಶುರುವಾಯಿತು, ಆದರೂ ಬೇಸಿಗೆ ಮತ್ತೆ ಬಾರದಿರದು. ಎ.ಸಿ.ಯ ಪೈಪಿನಿಂದ ತೊಟ್ಟಿಕ್ಕುವ ನೀರು ಬಹುತೇಕ ಕಡೆ ಗೋಡೆ ಹಾಳುಮಾಡುತ್ತಾ ಹರಿದುಹೋಗುತ್ತದೆ. ಅದರಲ್ಲಿ ಉಪ್ಪಿನಂಶ ಇಲ್ಲವೆನ್ನುವಷ್ಟು ಕಡಿಮೆ. ಬೋರ್‌ವೆಲ್‌ನ ಗಡಸು ನೀರಿನಿಂದ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುವ ಕಡೆ ಅದು ವರದಾನ. ಪೈಪಿನ ಕೆಳಗೆ ಮುಚ್ಚಳವಿರುವ ಡಬ್ಬ ಇಡಿ. ಆ ನೀರನ್ನು ಹೂವಿನ, ಎಲೆಯ ಗಿಡಗಳಿಗೆ ಹಾಕಿ, ತಿನ್ನುವ ಸೊಪ್ಪಿಗೆ ಬೇಡ. ಪಂಪು, ದೀಪ, ಹನಿ ನೀರಾವರಿ ಎಲ್ಲ ಬೇಡುವ ‘ಗ್ರೀನ್ ವಾಲ್’ ಬಗ್ಗೆ ನನಗೆ ಒಲವಿಲ್ಲ. ಕತ್ತಲ ಗೋಡೆಗೆ ಗಿಡ ನೇತುಹಾಕಿ, ಅದು ಬದುಕಲೆಂದು ಹಗಲೆಲ್ಲ ದೀಪ ಉರಿಸುವುದು ಪ್ರಕೃತಿಗೆ ಹತ್ತಿರವಾದಂತಲ್ಲ.

ತಾರಸಿಯ ತೂಕ

ಗಿಡ ಚೆನ್ನಾಗಿ ಬಂದ ಮೇಲೆ ಎಲ್ಲರ ಕಣ್ಣು ತಾರಸಿಯ ಮೇಲೆ ಹೋಗುತ್ತದೆ. ಇಲ್ಲಿ ದಯವಿಟ್ಟು ಎಚ್ಚರವಾಗಿರಿ. ಕಟ್ಟಡಗಳ ಭಾರಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 875 ಪ್ರಕಾರ ಜನ ಹತ್ತಿ ಓಡಾಡುವ ತಾರಸಿಯನ್ನು ಚದರ ಮೀಟರಿಗೆ ಸುಮಾರು 150 ಕೆ.ಜಿ. ಹೆಚ್ಚುವರಿ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಒಂದು ಚದರ ಮೀಟರಿನಲ್ಲಿ ಹತ್ತೇ ಸೆಂಟಿಮೀಟರ್ ಮಣ್ಣು ಹರಡಿ ಮಳೆ ಬಂದು ನೆನೆದರೆ ಅದರ ತೂಕ 160ರಿಂದ 180 ಕೆ.ಜಿ. ಒಂದು ಗೇಣೂ ಇಲ್ಲದ ಮಣ್ಣಿಗೇ ಲೆಕ್ಕ ಮುಗಿಯಿತು, ಮನುಷ್ಯರು ಹತ್ತುವುದು ಬಾಕಿ ಇದೆ. ಎರಡು ಮಹಡಿಗೆಂದು ಅಡಿಪಾಯ ಹಾಕಿ ನಾಲ್ಕು ಏರಿಸಿದ ಕಟ್ಟಡಗಳೂ ನಮ್ಮ ನಗರದಲ್ಲಿವೆ. ಆದ್ದರಿಂದ ತಾರಸಿ ತುಂಬ ಮಣ್ಣು ಹರಡುವ, ಹುಲ್ಲುಹಾಸು ಮಾಡುವ ಯೋಚನೆಯನ್ನು ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡುವವರೆಗೆ ಮುಂದೂಡಿ. ಮೇಸ್ತ್ರಿಯ ‘ಏನೂ ಆಗಲ್ಲ ಬಿಡಿ ಸಾರ್’ ಸಾಲದು.

ಅಲ್ಲಿಯವರೆಗೆ ಹಗುರವಾದದ್ದನ್ನು ಮಾಡಬಹುದು. ತೆಂಗಿನ ನಾರಿನ ಪುಡಿ ಹೆಚ್ಚಿರುವ ಮಿಶ್ರಣ ತುಂಬಿದ ಗ್ರೋ ಬ್ಯಾಗುಗಳನ್ನು ತಾರಸಿಯ ನಡುವೆ ಇಡದೆ, ಕೆಳಗೆ ಗೋಡೆ, ತೊಲೆ, ಕಂಬ ಇರುವ ಅಂಚಿನುದ್ದಕ್ಕೂ ಇಡಿ. ಇಟ್ಟಿಗೆಯ ಮೇಲೆ ಎತ್ತರಿಸಿದರೆ ನೀರು ಹರಿದುಹೋಗುತ್ತದೆ, ಸೂರು ಸೋರದು. ಒಂದು ಮೂಲೆಯಲ್ಲಿ ಬಿದಿರಿನ ಚಪ್ಪರ ಹಾಕಿ ತೊಂಡೆಯನ್ನೋ ಬಸಳೆಯನ್ನೋ ಹಬ್ಬಿಸಿ. ಒಂದೆರಡು ಚೀಲದ ಮಣ್ಣಿನಿಂದ ಹತ್ತು ಜನ ಕೂತು ಊಟ ಮಾಡುವಷ್ಟು ನೆರಳು ಬರುತ್ತದೆ. ಚಪ್ಪರದ ಕಾಲುಗಳನ್ನು ಪ್ಯಾರಾಪೆಟ್ಟಿಗೆ ಬಿಗಿಯಾಗಿ ಕಟ್ಟಿ, ಏಪ್ರಿಲ್ ಮೇ ತಿಂಗಳ ಬಿರುಗಾಳಿ ಮಳೆಗೆ ಸಡಿಲವಾದದ್ದು ಯಾವುದೂ ನಿಲ್ಲುವುದಿಲ್ಲ.

ತಾರಸಿಯಿಂದ ಇಳಿದು ಬಂದರೆ, ಒಳಗಿನ ವಸ್ತುಗಳ ವಿಷಯ ಚುಟುಕಾಗಿ ಹೇಳಿದರೆ ಸಾಕು. ಮರದ ಚಿತ್ರ ಅಚ್ಚಾದ ಸನ್‌ಮೈಕಾ ಎಷ್ಟು ಹಾಕಿದರೂ ಕೈಗೆ ಮರ ತಾಗದು. ಬಜೆಟ್ ಕಡಿಮೆಯಿದ್ದರೆ ದಿನಾ ಮುಟ್ಟುವ ಕಡೆ ಮಾತ್ರ ನಿಜವಾದದ್ದನ್ನು ಕೊಡಿ: ಬಾಗಿಲ ಹಿಡಿ, ಮೇಜಿನ ಅಂಚು, ಕೂರುವ ಬೆಂಚು. ಹಳೆಯ ಮನೆಯಲ್ಲಿ ರೆಡ್ ಆಕ್ಸೈಡ್ ನೆಲ ಇದ್ದರೆ ಅದರ ಮೇಲೆ ಟೈಲ್ಸ್ ಹಾಕಿಸಬೇಡಿ, ಪಾಲಿಶ್ ಮಾಡಿಸಿ. ಕಲ್ಲು ಎಷ್ಟು ಮಾತಾಡಬಲ್ಲದು ಎಂದು ನೋಡಲು ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣವಿದೆ. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಬಿ.ವಿ. ದೋಶಿ ಅಲ್ಲಿ ಒರಟು ಕಲ್ಲಿನ ಗೋಡೆಗಳ ನಡುವೆ, ಬಳ್ಳಿ ಹಬ್ಬಿದ ಕಾಂಕ್ರೀಟ್ ಪಟ್ಟಿಗಳ ಕೆಳಗೆ ಮಾಡಿದ ನಡಿಗೆದಾರಿಗಳಲ್ಲಿ ಒಳಗೆ ಎಲ್ಲಿ ಮುಗಿಯಿತು, ಹೊರಗೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗುವುದಿಲ್ಲ.

ಯಾರ ಪಾಲಿಗೆ?

ಈ ಎಲ್ಲದರ ನಡುವೆ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ಕಚೇರಿಯ ಹಸಿರು ಯಾರಿಗೆ ಸಿಗುತ್ತದೆ? ಬಾಗಿಲಲ್ಲಿ ಹನ್ನೆರಡು ಗಂಟೆ ನಿಲ್ಲುವ ಸೆಕ್ಯುರಿಟಿಯವರ ಪ್ಲಾಸ್ಟಿಕ್ ಕುರ್ಚಿ ಪಶ್ಚಿಮದ ಬಿಸಿಲಿಗಿರುತ್ತದೆ. ಗಿಡಕ್ಕೆ ನೀರು ಹಾಕುವ ಹೌಸ್‌ಕೀಪಿಂಗ್ ಅಕ್ಕಂದಿರು ಊಟ ಮಾಡುವುದು ಮೆಟ್ಟಿಲ ಕೆಳಗೆ, ಫಿನೈಲ್ ಡಬ್ಬಗಳ ಪಕ್ಕ. ಕುಂಡದ ಜಾಗ ಗೊತ್ತುಮಾಡುವ ದಿನವೇ ಇವರ ಕುರ್ಚಿಯ ಜಾಗವನ್ನೂ ಗೊತ್ತುಮಾಡಿ. ತಾರಸಿಯ ಚಪ್ಪರ ಎಲ್ಲರ ಊಟಕ್ಕೂ ತೆರೆದಿರಲಿ. ಗಿಡ ನೋಡಿಕೊಳ್ಳುವ ಕೆಲಸ ಅವರಿಗೆ ಒಪ್ಪಿಸಿದರೆ ಅದಕ್ಕೆ ಸಮಯವನ್ನೂ ಸಂಬಳವನ್ನೂ ಕೊಡಿ. ಯಾವ ಗಿಡ ಎಲ್ಲಿ ಚೆನ್ನಾಗಿ ಬರುತ್ತದೆ ಎಂದು ಅವರನ್ನೇ ಕೇಳಿ. ಹಳ್ಳಿಯಿಂದ ಬಂದ ಎಷ್ಟೋ ಮಂದಿಗೆ ಮಣ್ಣಿನ ಗುಣ ನಮಗಿಂತ ಚೆನ್ನಾಗಿ ಗೊತ್ತು.

ಇನ್ನು ಕಟ್ಟಡದ ಮುಂದಿನ ಮರ. ಬಾಗ್ಮನೆ ಟೆಕ್ ಪಾರ್ಕಿನವರಿಗೆ ಪಕ್ಕದಲ್ಲೇ ಭೈರಸಂದ್ರ ಕೆರೆ ಇದೆ, ನಮ್ಮ ಕ್ರಾಸುಗಳಿಗೆ ಇರುವುದು ಪಾದಚಾರಿ ದಾರಿಯ ಹೊಂಗೆ, ಮಳೆಮರ, ಆಕಾಶಮಲ್ಲಿಗೆಗಳೇ. ಮೊದಲ, ಎರಡನೆಯ ಮಹಡಿಯ ಕಿಟಕಿಗೆ ಅವುಗಳ ಕೊಂಬೆ ಕೈಗೆಟುಕುವಷ್ಟು ಹತ್ತಿರ. ಸುಮ್ಮನೆ ಸಿಗುವ ಇಂಥ ನೋಟವನ್ನೇ ಬೋರ್ಡಿಗೆ ಅಡ್ಡ ಎಂದು ಕಡಿಸಲು ಹೊರಡುವವರಿದ್ದಾರೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯುವುದು ಅಪರಾಧ. ಖಾಸಗಿ ಕಾಂಪೌಂಡಿನೊಳಗಿನ ಮರಕ್ಕೂ ಇದು ಅನ್ವಯ. ಒಣಕೊಂಬೆ ಅಪಾಯಕರವಾಗಿದ್ದರೆ ಪಾಲಿಕೆಯ ಅರಣ್ಯ ವಿಭಾಗಕ್ಕೆ ದೂರು ಕೊಟ್ಟು ಮಳೆಗಾಲಕ್ಕೆ ಮುಂಚೆ ತೆಗೆಸಿ. ಬೋರ್ಡನ್ನು ಎರಡಡಿ ಪಕ್ಕಕ್ಕೆ ಸರಿಸಿ. ಬುಡದ ಸುತ್ತ ಕಾಂಕ್ರೀಟ್ ಒತ್ತಿದ್ದರೆ ಕನಿಷ್ಠ ಒಂದು ಮೀಟರ್ ಚೌಕ ಒಡೆಸಿ ಮಣ್ಣು ತೆರೆದುಬಿಡಿ, ಕಾಂಡಕ್ಕೆ ಹೊಡೆದ ಮೊಳೆ, ಸುತ್ತಿದ ಕೇಬಲ್ಲು ಬಿಚ್ಚಿಸಿ. ಮರವೇ ಇಲ್ಲದ ಕಡೆ ಜೂನ್‌ನ ಮೊದಲ ಮಳೆಗಳ ಹೊತ್ತಿಗೆ ಪಾಲಿಕೆಯ ಒಪ್ಪಿಗೆ ಪಡೆದು ಒಂದು ಹೊಂಗೆಸಸಿ ನೆಡಿ. ತಂತಿ ಹಾದುಹೋಗುವ ಸಾಲಾದರೆ ಗಿಡ್ಡ ಜಾತಿಯ ಹೂವಿನ ಮರ ಆರಿಸಿಕೊಳ್ಳಿ. ಮೊದಲ ಎರಡು ಬೇಸಿಗೆ ಅದಕ್ಕೆ ನೀರು ಹಾಕುವವರು ಯಾರು ಎಂಬುದನ್ನು ನೆಡುವ ದಿನವೇ ಹೆಸರು ಬರೆದು ಗೊತ್ತುಮಾಡಿಕೊಳ್ಳಿ.